ಆ್ಯಕ್ಷನ್ ಫಿಗರ್ ಕೊಳ್ಳುವ ಮುನ್ನ: ಕೀಲು, ಅಚ್ಚು, ಬಣ್ಣ ನೋಡುವ ಬಗೆ

ಆರು ಇಂಚು ಎತ್ತರದ ಒಂದು ಪ್ಲಾಸ್ಟಿಕ್ ಬೊಂಬೆಗೆ ಸಾವಿರಾರು ರೂಪಾಯಿ ಎಂದರೆ ಮನೆಯ ಹಿರಿಯರು ಹುಬ್ಬೇರಿಸುವುದು ಸಹಜ. ಆದರೆ ಸಿನಿಮಾ, ಕಾಮಿಕ್ಸ್ ಮತ್ತು ಕಾರ್ಟೂನ್ ಪಾತ್ರಗಳ ಇಂತಹ ಬೊಂಬೆಗಳನ್ನು ಸಂಗ್ರಹಿಸುವ ಹವ್ಯಾಸ ಇಂದು ಮಹಾನಗರಗಳಿಗಷ್ಟೇ ಸೀಮಿತವಾಗಿಲ್ಲ. ಅಂಚೆ, ಕೊರಿಯರ್ ತಲಪುವ ಊರಿಗೆಲ್ಲ ಅವೂ ತಲಪುತ್ತವೆ. ತೊಡಕು ಏನೆಂದರೆ, ಕೊಳ್ಳುವವರು ನೋಡುವುದು ಚಿತ್ರವನ್ನು, ಕೈಗೆ ಬರುವುದು ಬೊಂಬೆ. ಪೆಟ್ಟಿಗೆಯ ಮೇಲೆ ಗಾಳಿಯಲ್ಲಿ ಜಿಗಿಯುವ ವೀರ, ಕಪಾಟಿನಲ್ಲಿ ಎರಡು ಕಾಲ ಮೇಲೆ ನಿಲ್ಲಲಾರದೆ ಮುಗ್ಗರಿಸುವುದುಂಟು. ಮೊದಲ ಬಾರಿ ಬಗ್ಗಿಸಿದಾಗಲೇ ಮೊಣಕಾಲು ಕಳಚಿ ಕೈಗೆ ಬರುವುದೂ ಉಂಟು.

ಮಾರುವವರು ಸಾಮಾನ್ಯವಾಗಿ ಹೇಳುವುದು ಒಂದೇ ಲೆಕ್ಕ: ಇದರಲ್ಲಿ ಇಷ್ಟು ಕೀಲುಗಳಿವೆ. ಈ ಲೆಕ್ಕವನ್ನು ನಂಬಿ ದುಡ್ಡು ಕೊಟ್ಟವರು ಮೋಸ ಹೋಗುವುದೇ ಹೆಚ್ಚು. ಕೀಲು ಎಷ್ಟಿದೆ ಎಂಬುದಕ್ಕಿಂತ, ಇಟ್ಟ ಭಂಗಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆಯೇ ಎಂಬುದು ಮುಖ್ಯ. ಅದನ್ನು ತಿಳಿಯುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಹೆಸರು ಹುಟ್ಟಿದ ಕತೆ

1959ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪೆನಿ ಬಾರ್ಬಿ ಗೊಂಬೆಯನ್ನು ಹೊರತಂದು ಯಶಸ್ವಿಯಾಯಿತು. ಗಂಡುಮಕ್ಕಳಿಗೂ ಅಂತಹದೊಂದು ಬೇಕೆಂದು ಹೊರಟ ಹ್ಯಾಸ್‌ಬ್ರೊ ಕಂಪೆನಿ 1964ರಲ್ಲಿ ಜಿ.ಐ. ಜೋ ಎಂಬ ಸೈನಿಕನನ್ನು ಮಾರುಕಟ್ಟೆಗೆ ಬಿಟ್ಟಿತು. ಎತ್ತರ ಸುಮಾರು 12 ಇಂಚು, ಚಲಿಸುವ ಭಾಗಗಳು 21. ಗಂಡುಮಕ್ಕಳಿಗೆ ‘ಗೊಂಬೆ’ ಕೊಡಿಸಲು ತಂದೆಯಂದಿರು ಒಪ್ಪಲಾರರೆಂಬ ಅಂಜಿಕೆಯಿಂದ ಅದನ್ನು ‘ಆ್ಯಕ್ಷನ್ ಫಿಗರ್’ ಎಂದು ಕರೆಯಲಾಯಿತು. ವ್ಯಾಪಾರಕ್ಕಾಗಿ ಕಟ್ಟಿದ ಈ ಹೆಸರೇ ಮುಂದೆ ಇಡೀ ಬಗೆಗೆ ನಿಂತಿತು.

ಇದು ಗೊಂಬೆಯೋ ಆಟಿಕೆಯೋ ಎಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ. ಅಮೆರಿಕದಲ್ಲಿ ಆಗ ಆಮದಾಗುವ ಗೊಂಬೆಗಳಿಗೆ ಶೇ. 12ರಷ್ಟು, ಇತರ ಆಟಿಕೆಗಳಿಗೆ ಶೇ. 6.8ರಷ್ಟು ಸುಂಕವಿತ್ತು. ಮನುಷ್ಯರನ್ನು ಹೋಲುವುದು ಗೊಂಬೆ, ಉಳಿದುದು ಆಟಿಕೆ ಎಂಬುದು ನಿಯಮ. ಎಕ್ಸ್-ಮೆನ್ ಪಾತ್ರಗಳು ಪೂರ್ತಿ ಮನುಷ್ಯರಲ್ಲ ಎಂದು ಟಾಯ್ ಬಿಜ್ ಕಂಪೆನಿ ವಾದಿಸಿತು. 2003ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಈ ವಾದವನ್ನು ಎತ್ತಿಹಿಡಿಯಿತು. ಸುಂಕ ಉಳಿಯಿತು. ತಮ್ಮ ನೆಚ್ಚಿನ ವೀರರು ಮನುಷ್ಯರಲ್ಲವೆಂದದ್ದಕ್ಕೆ ಅಭಿಮಾನಿಗಳು ಮಾತ್ರ ಮುನಿಸಿಕೊಂಡರು.

ಐದರಿಂದ ಮೂವತ್ತರವರೆಗೆ

ಕೀಲುಗಳ ಇತಿಹಾಸ ಏರುತ್ತಲೇ ಹೋದ ಕತೆಯಲ್ಲ. 21 ಚಲಿಸುವ ಭಾಗಗಳಿದ್ದ ದೊಡ್ಡ ಜಿ.ಐ. ಜೋ ತಯಾರಿ 1976ರಲ್ಲಿ ನಿಂತಿತು. 1978ರಲ್ಲಿ ಕೆನ್ನರ್ ಕಂಪೆನಿ ತಂದ ಸ್ಟಾರ್ ವಾರ್ಸ್ ಬೊಂಬೆಗಳ ಎತ್ತರ ಮೂರೂಮುಕ್ಕಾಲು ಇಂಚು. ಕೀಲುಗಳು ಬರೇ ಐದು: ಒಂದು ಕುತ್ತಿಗೆ, ಎರಡು ಭುಜ, ಎರಡು ಸೊಂಟ. ಮೊಣಕೈ, ಮೊಣಕಾಲು ಮಡಚುವಂತೆಯೇ ಇರಲಿಲ್ಲ. ಆದರೂ ಕೋಟಿಗಟ್ಟಲೆ ಮಾರಾಟವಾದವು. ಅಗ್ಗ, ಗಟ್ಟಿ, ಜೇಬಿಗೆ ಹಿಡಿಸುವಷ್ಟು ಸಣ್ಣದು. ಮಕ್ಕಳಿಗೆ ಅಷ್ಟು ಸಾಕಾಗಿತ್ತು.

1982ರಲ್ಲಿ ಜಿ.ಐ. ಜೋ ಅದೇ ಮೂರೂಮುಕ್ಕಾಲು ಇಂಚಿನಲ್ಲಿ ಮರಳಿ ಬಂದಾಗ ಮೊಣಕೈ, ಮೊಣಕಾಲು, ಸೊಂಟ ಎಲ್ಲವೂ ಚಲಿಸುತ್ತಿದ್ದವು. ಮರುವರ್ಷ ತೋಳನ್ನು ಅಡ್ಡಕ್ಕೆ ತಿರುಗಿಸುವ ಕೀಲೂ ಸೇರಿ, ಎರಡೂ ಕೈಗಳಲ್ಲಿ ಬಂದೂಕು ಹಿಡಿಯುವುದು ಸಾಧ್ಯವಾಯಿತು. 1994ರಲ್ಲಿ ಆರಂಭವಾದ ಮೆಕ್‌ಫಾರ್ಲೇನ್ ಕಂಪೆನಿ ಬೇರೆ ದಾರಿ ಹಿಡಿದು, ಅಚ್ಚಿನ ಕೆತ್ತನೆಯ ಸೂಕ್ಷ್ಮತೆಗೆ ಹೆಸರಾಯಿತು. ಅದರ ಆ ಕಾಲದ ಹಲವು ಬೊಂಬೆಗಳು ಪುಟ್ಟ ಮೂರ್ತಿಗಳಂತೆ, ಚಲನೆ ಕಡಿಮೆ. 2002ರಲ್ಲಿ ಟಾಯ್ ಬಿಜ್ ಆರಂಭಿಸಿದ ಮಾರ್ವೆಲ್ ಲೆಜೆಂಡ್ಸ್ ಮಾಲೆ ಆರು ಇಂಚಿನ ಬೊಂಬೆಯಲ್ಲಿ ಮೂವತ್ತಕ್ಕೂ ಹೆಚ್ಚು ಕೀಲುಗಳನ್ನು ತಂದಿತು. ಜಪಾನಿನಲ್ಲಿ ಕೈಯೋಡೊ ಕಂಪೆನಿಯ ರಿವಾಲ್ಟೆಕ್ 2006ರಲ್ಲಿ, ಮ್ಯಾಕ್ಸ್ ಫ್ಯಾಕ್ಟರಿಯ ಫಿಗ್ಮಾ ಮತ್ತು ಬಂದಾಯ್ ಕಂಪೆನಿಯ ಎಸ್.ಎಚ್. ಫಿಗುವಾರ್ಟ್ಸ್ 2008ರಲ್ಲಿ ಬಂದವು. ಇಂದು ಸಂಗ್ರಾಹಕರು ಹೋಲಿಸಿ ನೋಡುವ ಮಟ್ಟವನ್ನು ಇವು ನಿಗದಿಪಡಿಸಿವೆ.

ಅಳತೆ ತಿಳಿದಿರಲಿ

ಸಂಗ್ರಹದಲ್ಲಿ ಮೂರು ಅಳತೆಗಳು ಬಳಕೆಯಲ್ಲಿವೆ. ಮೂರೂಮುಕ್ಕಾಲು ಇಂಚಿನದ್ದು ಮನುಷ್ಯನ ಎತ್ತರದ ಹದಿನೆಂಟನೆಯ ಒಂದು ಭಾಗ, ಆರು ಇಂಚಿನದ್ದು ಹನ್ನೆರಡನೆಯ ಒಂದು ಭಾಗ, ಹನ್ನೆರಡು ಇಂಚಿನದ್ದು ಆರನೆಯ ಒಂದು ಭಾಗ. ಹಾಂಗ್‌ಕಾಂಗ್‌ನ ಹಾಟ್ ಟಾಯ್ಸ್ ಹೆಸರಾದದ್ದು ಕೊನೆಯದರಲ್ಲಿ. ಒಂದು ಅಳತೆಗೆ ಸರಿಯಾದ ನಿರೀಕ್ಷೆ ಇನ್ನೊಂದಕ್ಕೆ ಸಲ್ಲದು. ಸಣ್ಣ ಬೊಂಬೆಯಲ್ಲಿ ಕೀಲಿನ ಪಿನ್ ತೆಳು, ಹಾಗಾಗಿ ಬೇಗ ಮುರಿಯುತ್ತದೆ. ದೊಡ್ಡದರಲ್ಲಿ ಕೈಕಾಲಿನ ಭಾರ ಹೆಚ್ಚು, ಹಾಗಾಗಿ ಕೀಲು ಬೇಗ ಸಡಿಲಾಗುತ್ತದೆ.

ಕೀಲಿನ ಬಗೆಗಳು

ಸರಳವಾದದ್ದು ಸುತ್ತುಕೀಲು. ಡಬ್ಬದ ಮುಚ್ಚಳ ತಿರುಗಿಸಿದಂತೆ ಒಂದೇ ಅಕ್ಷದಲ್ಲಿ ಸುತ್ತುತ್ತದೆ. ತೊಡೆ, ತೋಳಿನ ಮೇಲ್ಭಾಗ, ಮಣಿಕಟ್ಟುಗಳಲ್ಲಿ ಇರುತ್ತದೆ.

ಎರಡನೆಯದು ಮಡಚುಕೀಲು. ಬಾಗಿಲ ಬಿಜಾಗರಿಯಂತೆ ಒಂದೇ ದಿಕ್ಕಿನಲ್ಲಿ ಮಡಚುತ್ತದೆ. ಮೊಣಕೈಗೆ ಒಂದೇ ಪಿನ್ ಇದ್ದರೆ ಸುಮಾರು 90 ಡಿಗ್ರಿ ಮಡಚುವಷ್ಟರಲ್ಲಿ ಮುಂಗೈ ತೋಳಿಗೆ ತಾಗಿ ನಿಲ್ಲುತ್ತದೆ. ಇದನ್ನು ದಾಟಲು ಒಂದರ ಕೆಳಗೊಂದು ಎರಡು ಪಿನ್ ಇಡುತ್ತಾರೆ. ಆಗ ಕೈ ಭುಜವನ್ನು ಮುಟ್ಟುವಷ್ಟು, ಹಿಮ್ಮಡಿ ತೊಡೆಯ ಹಿಂಬದಿಗೆ ಬರುವಷ್ಟು ಮಡಚುತ್ತದೆ. ಸಂಗ್ರಾಹಕರು ಇದನ್ನು ‘ಡಬಲ್ ಜಾಯಿಂಟ್’ ಎನ್ನುತ್ತಾರೆ.

ಮೂರನೆಯದು ಬಾಲ್ ಜಾಯಿಂಟ್. ಗುಂಡೊಂದು ಬಟ್ಟಲಿನಂತಹ ಗುಳಿಯಲ್ಲಿ ಕೂತಿರುತ್ತದೆ. ನಮ್ಮ ಸೊಂಟದ ಮೂಳೆಯೂ ಹೀಗೆಯೇ. ತಲೆ, ಸೊಂಟಗಳಲ್ಲಿ ಎಲ್ಲ ದಿಕ್ಕಿಗೂ ಹೊರಳುವ ಗುಣ ಇದರಿಂದ ಬರುತ್ತದೆ.

ನಾಲ್ಕನೆಯದು ಹಲ್ಲುಕೀಲು, ಅಂದರೆ ರ‍್ಯಾಚೆಟ್. ಒಳಗೆ ಹಲ್ಲುಗಳಿದ್ದು, ತಿರುಗಿಸಿದಾಗ ‘ಟಿಕ್ ಟಿಕ್’ ಎನ್ನುತ್ತದೆ. ಭಾರದ ರೋಬೋಟ್ ಬೊಂಬೆಗಳ ಭುಜ ಜೋಲದಂತೆ ಹಿಡಿಯಲು ಇದು ಒಳ್ಳೆಯದು. ಆದರೆ ಒಂದು ಹಲ್ಲಿಗೂ ಇನ್ನೊಂದಕ್ಕೂ ನಡುವೆ ನಿಲ್ಲದು, ಹಾಗಾಗಿ ಬೇಕಾದ ಕೋನ ಕೆಲವೊಮ್ಮೆ ಸಿಗುವುದಿಲ್ಲ.

ಇವಲ್ಲದೆ ಎರಡು ಕೀಲುಗಳು ಬೊಂಬೆಯ ಅಂದ ಕೆಡಿಸಲೂ ಬಲ್ಲವು, ಜೀವ ತುಂಬಲೂ ಬಲ್ಲವು. ಒಂದು ಎದೆಯ ಕೆಳಗೆ ಮುಂದಕ್ಕೆ ಬಾಗುವ ಕೀಲು. ಇನ್ನೊಂದು ತೋಳನ್ನು ಎದೆಯ ಮುಂದೆ ಎಳೆದು ತರುವ, ಚಿಟ್ಟೆಯ ರೆಕ್ಕೆಯಂತಹ ಭುಜದ ಕೀಲು. ಎರಡು ಕೈಯಿಂದ ಕತ್ತಿ ಹಿಡಿಯುವುದಾಗಲೀ ಬಿಲ್ಲು ಎಳೆಯುವುದಾಗಲೀ ಇದಿಲ್ಲದೆ ಆಗದು.

ಎಣಿಕೆ ಏಕೆ ಮೋಸ ಮಾಡುತ್ತದೆ?

ಕೀಲಿನ ಲೆಕ್ಕ ಒಂದೇ ಬಗೆಯಲ್ಲಿ ಹಾಕುವುದಿಲ್ಲ. ಡಬಲ್ ಜಾಯಿಂಟನ್ನು ಕೆಲವರು ಒಂದೆಂದು, ಕೆಲವರು ಎರಡೆಂದು ಎಣಿಸುತ್ತಾರೆ. ಕೈಬೆರಳುಗಳನ್ನೂ ಸೇರಿಸಿ ಸಂಖ್ಯೆ ಹಿಗ್ಗಿಸುವುದುಂಟು. ಅದಕ್ಕಿಂತ ಮುಖ್ಯವಾಗಿ, ಕೀಲು ಇದ್ದ ಮಾತ್ರಕ್ಕೆ ಅದು ಚಲಿಸಬೇಕೆಂದಿಲ್ಲ. ಸೊಂಟಕ್ಕೆ ಒಳ್ಳೆಯ ಬಾಲ್ ಜಾಯಿಂಟ್ ಕೊಟ್ಟು, ಅದರ ಮೇಲೆ ದಪ್ಪ ಪ್ಲಾಸ್ಟಿಕ್‌ನ ನಿಲುವಂಗಿ ತೊಡಿಸಿದರೆ ಕಾಲು ಎತ್ತಲಾಗದು. ಉದ್ದಕೂದಲು ಬೆನ್ನಿಗೆ ತಾಗುವ ಬೊಂಬೆ ತಲೆ ಎತ್ತಿ ನೋಡಲಾರದು. ಹಾರುವ ವೀರನಿಗೆ ತಲೆ ಎತ್ತಲಾಗದಿದ್ದರೆ ಉಳಿದ ಇಪ್ಪತ್ತೊಂಬತ್ತು ಕೀಲುಗಳಿದ್ದೂ ಏನು ಬಂತು?

ಕೀಲು ಹೆಚ್ಚಿದಷ್ಟೂ ಬೊಂಬೆಯ ಮೈಯಲ್ಲಿ ಸೀಳುಗಳು ಹೆಚ್ಚುತ್ತವೆ, ಸಡಿಲಾಗುವ ಜಾಗಗಳೂ ಹೆಚ್ಚುತ್ತವೆ. ಕತ್ತಿವರಸೆಯವನಿಗೆ ಬೇಕಾದ ಕೀಲು ಗಂಭೀರವಾಗಿ ನಿಲ್ಲುವ ರಾಜನಿಗೆ ಬೇಕಿಲ್ಲ. ಆದುದರಿಂದ ಪಾತ್ರದ ಸ್ವಭಾವ ನೋಡಿ ಕೀಲನ್ನು ಅಳೆಯಬೇಕು.

ಇದನ್ನು ಅರಿಯಲು ಕಾಸರಗೋಡಿನ ಓದುಗರಿಗೆ ಹತ್ತಿರದ ಹೋಲಿಕೆಯೊಂದಿದೆ. ಇಲ್ಲಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದ ಪ್ರದರ್ಶನಗಳಲ್ಲಿ ಸೂತ್ರದ ಬೊಂಬೆಗಳು ತೆಂಕುತಿಟ್ಟಿನ ವೇಷ ತೊಟ್ಟು ಕುಣಿಯುವುದನ್ನು ಅನೇಕರು ಕಂಡಿದ್ದಾರೆ. ಸೂತ್ರದ ಬೊಂಬೆಯ ಕೀಲು ಸಡಿಲವಾಗಿರಬೇಕು. ಬಿಗಿಯಾದರೆ ದಾರ ಎಳೆದಾಗ ಕೈ ಏಳದು, ಹೆಜ್ಜೆ ತಾಳಕ್ಕೆ ಸೇರದು. ಅದನ್ನು ನಿಲ್ಲಿಸುವ ಬಲ ಕುಣಿಸುವವನ ಕೈಯಲ್ಲಿದೆ. ಆ್ಯಕ್ಷನ್ ಫಿಗರ್‌ಗೆ ಸೂತ್ರಧಾರನಿಲ್ಲ. ಕೈ ಬಿಟ್ಟ ಮೇಲೆ ಕೀಲಿನೊಳಗಿನ ಬಿಗಿತವೇ ಅದರ ಸೂತ್ರಧಾರ. ಬಿಗಿತ ತೀರಾ ಹೆಚ್ಚಾದರೆ ಪಿನ್ ಮುರಿಯುತ್ತದೆ, ಕಡಿಮೆಯಾದರೆ ಬೊಂಬೆ ಕುಸಿಯುತ್ತದೆ. ಇವೆರಡರ ನಡುವಿನ ಹದವೇ ಗುಣಮಟ್ಟ.

ಕೈಗೆ ಬಂದ ಮೇಲೆ ಪರೀಕ್ಷೆ

ಮೊದಲು ಅಲುಗಿಸದೆ ನೋಡಬೇಕು. ಎರಡೂ ಕೈ ಬಲಗೈಯೇ ಆಗಿರುವುದು, ಎಡ ತೊಡೆ ಬಲಕ್ಕೆ ಸೇರಿರುವುದು ಕಾರ್ಖಾನೆಗಳಲ್ಲಿ ಆಗಾಗ ನಡೆಯುವ ತಪ್ಪು. ಇಂತಹದು ಕಂಡರೆ ಆಡಿಸದೆ ಹಿಂತಿರುಗಿಸುವುದೇ ಸರಿ. ಪೆಟ್ಟಿಗೆ ತೆರೆಯುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಂಡರೆ ಅಂಗಡಿಯವರೊಡನೆ ವಾದಕ್ಕೆ ಆಸ್ಪದವಿರದು.

ಎರಡನೆಯದಾಗಿ, ಒಂದೊಂದೇ ಕೀಲನ್ನು ನಿಧಾನವಾಗಿ ಅಲುಗಿಸಬೇಕು. ಕೀಲಿನ ಎರಡೂ ಬದಿಯನ್ನು ಹತ್ತಿರದಲ್ಲೇ ಹಿಡಿಯಬೇಕು. ಪಾದ ಹಿಡಿದು ಸೊಂಟ ತಿರುಗಿಸಬಾರದು. ಬಣ್ಣ ಒಣಗಿ ಕೀಲು ಅಂಟಿಕೊಂಡಿರುವುದು ಸಾಮಾನ್ಯ. ಆಗ ಬಲ ಹಾಕಿದರೆ ಪಿನ್ ತಿರುಚಿ ಬಿಳಿಚಿಕೊಳ್ಳುತ್ತದೆ. ಆ ಬಿಳಿ ಗೆರೆ ಮುರಿಯುವುದರ ಮುನ್ಸೂಚನೆ. ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿದರೆ ಅಥವಾ ಹೇರ್ ಡ್ರೈಯರ್‌ನ ಬಿಸಿಗಾಳಿ ತಾಗಿಸಿದರೆ ಪ್ಲಾಸ್ಟಿಕ್ ಮೆದುವಾಗಿ ಕೀಲು ಬಿಡುತ್ತದೆ. ನೀರು ಕುದಿಯುತ್ತಿರಬಾರದು. ಬಟ್ಟೆ ತೊಡಿಸಿದ ಅಥವಾ ಒಳಗೆ ಬ್ಯಾಟರಿ ಇರುವ ಬೊಂಬೆಗೆ ನೀರು ಬೇಡ.

ಮೂರನೆಯದು ವ್ಯಾಪ್ತಿಯ ಪರೀಕ್ಷೆ. ಒಂದು ಮೊಣಕಾಲೂರಿ ಕೂರುತ್ತದೆಯೇ? ಆಯುಧವನ್ನು ಎರಡು ಕೈಯಿಂದ ಹಿಡಿಯುತ್ತದೆಯೇ? ತಲೆ ಮೇಲೆ, ಕೆಳಗೆ, ಪಕ್ಕಕ್ಕೆ ಹೊರಳುತ್ತದೆಯೇ? ಈ ಮೂರು ಭಂಗಿ ಬಂದರೆ ಹೆಚ್ಚಿನವು ಬಂದಂತೆಯೇ.

ನಾಲ್ಕನೆಯದು ಹಿಡಿತದ ಪರೀಕ್ಷೆ. ಕೈಯಲ್ಲಿ ಅದರದೇ ಆಯುಧ ಕೊಟ್ಟು, ತೋಳನ್ನು ನೆಲಕ್ಕೆ ಸಮಾನಾಂತರವಾಗಿ ಎತ್ತಿ ಒಂದು ಗಂಟೆ ಬಿಡಬೇಕು. ಜೋತು ಬಿದ್ದರೆ ಭುಜ ದುರ್ಬಲವೆಂದು ಅರ್ಥ.

ಕೊನೆಯದು ನಿಲುವು. ಇದರಲ್ಲಿ ಹಣಕಾಲಿನ ಪಾತ್ರ ದೊಡ್ಡದು. ಕಾಲುಗಳನ್ನು ಅಗಲಿಸಿದಾಗ ಪಾದದ ಅಂಚು ಮಾತ್ರ ನೆಲಕ್ಕೆ ತಾಗುತ್ತದೆ. ಪಾದ ಮರಳಿ ಚಪ್ಪಟೆಯಾಗಿ ಕೂರಬೇಕಾದರೆ ಹಣಕಾಲು ಪಕ್ಕಕ್ಕೂ ವಾಲಬೇಕು. ಈ ಒಂದು ಕೀಲು ಇಲ್ಲದಿದ್ದರೆ ಸೊಂಟದಲ್ಲಿ ಎಷ್ಟೇ ಚಲನೆಯಿದ್ದರೂ ವೀರಭಂಗಿ ನಿಲ್ಲದು. ಬೊಂಬೆಯನ್ನು ಕಾಲು ಅಗಲಿಸಿ ನಿಲ್ಲಿಸಿ ರಾತ್ರಿ ಬಿಟ್ಟು, ಬೆಳಿಗ್ಗೆ ನೋಡಿದರೆ ಉತ್ತರ ಸಿಗುತ್ತದೆ.

ಪ್ಲಾಸ್ಟಿಕ್ ಮತ್ತು ಬಣ್ಣ

ಒಳ್ಳೆಯ ಬೊಂಬೆಯಲ್ಲಿ ಒಂದೇ ಬಗೆಯ ಪ್ಲಾಸ್ಟಿಕ್ ಇರುವುದಿಲ್ಲ. ಗಡಸು ಬೇಕಾದ ಕಡೆ ಎ.ಬಿ.ಎಸ್., ಕೂದಲು, ಕೈ, ನಿಲುವಂಗಿಯಂತಹ ಬಳುಕುವ ಭಾಗಗಳಿಗೆ ಪಿ.ವಿ.ಸಿ., ಸವೆತ ತಾಳಬೇಕಾದ ಕೀಲುಗಳಿಗೆ ಕೆಲವೊಮ್ಮೆ ಪಿ.ಒ.ಎಂ. ಬಳಸುತ್ತಾರೆ. ಕಾಲಿಗೆ ತೀರಾ ಮೆದು ಪ್ಲಾಸ್ಟಿಕ್ ಹಾಕಿದರೆ ಬೇಸಿಗೆಯಲ್ಲಿ ಭಾರಕ್ಕೆ ಬಾಗಿ ಬೊಂಬೆ ಒರಗುತ್ತದೆ. ಬಾಗಿದ ಕಾಲನ್ನು ಬಿಸಿನೀರಿನಲ್ಲಿ ಅದ್ದಿ ನೇರ ಮಾಡಿ, ಕೂಡಲೇ ತಣ್ಣೀರಿಗೆ ಹಾಕಿದರೆ ಆಕಾರ ನಿಲ್ಲುತ್ತದೆ.

ಬಣ್ಣದಲ್ಲಿ ಮೊದಲು ಕಣ್ಣನ್ನು ನೋಡಬೇಕು. ಎರಡು ಕಣ್ಣುಗುಡ್ಡೆಗಳೂ ಒಂದೇ ಕಡೆ ನೋಡುತ್ತಿವೆಯೇ ಎಂಬುದು ಮುಖದ ಜೀವ. ಮುಖವನ್ನು ಡಿಜಿಟಲ್ ಮುದ್ರಣದಿಂದ ಮೂಡಿಸುವ ಬೊಂಬೆಗಳಲ್ಲಿ ಹೋಲಿಕೆ ಬಹಳ ಚೆನ್ನಾಗಿರುತ್ತದೆ, ಆದರೆ ಮುದ್ರಣ ಕೂದಲೆಳೆಯಷ್ಟು ಸರಿದರೂ ಮುಖ ವಿಕಾರವಾಗುತ್ತದೆ. ಬಳಿಕ ಬಣ್ಣದ ಗಡಿಗಳನ್ನು, ಕೀಲಿನ ಒಳಬದಿಯನ್ನು ನೋಡಬೇಕು. ಮೊಣಕಾಲಿನ ಹೊರಗೆ ಬಣ್ಣ ಬಳಿದು ಒಳಗೆ ಬಿಟ್ಟಿದ್ದರೆ ಮಡಚಿದಾಗ ಬೇರೆ ಬಣ್ಣ ಇಣುಕುತ್ತದೆ. ಅಚ್ಚಿನ ಎರಡು ಅರ್ಧಗಳು ಕೂಡಿದ ಗೆರೆ ಮುಖದ ಮೇಲೆ ಕಾಣಬಾರದು, ಕೂದಲಿನ ಹಿಂದೆ ಅಡಗಿರಬೇಕು.

ಕರಾವಳಿಯ ಹವೆಗೆ ಒಂದು ಎಚ್ಚರಿಕೆ. ದೊಡ್ಡ ಬೊಂಬೆಗಳಿಗೆ ತೊಡಿಸುವ ಕೃತಕ ಚರ್ಮದ ಉಡುಪು ತೇವಕ್ಕೆ ಕೆಲವೇ ವರ್ಷಗಳಲ್ಲಿ ಹೊಪ್ಪಳೆ ಏಳುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಬಹುಕಾಲ ಇಟ್ಟ ಪಿ.ವಿ.ಸಿ. ಮೈ ಅಂಟಂಟಾಗುವುದೂ ಉಂಟು. ಬಿಸಿಲು ಬಿದ್ದರೆ ಬಿಳಿ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಬಿಸಿಲು ಬೀಳದ, ಗಾಳಿಯಾಡುವ ಗಾಜಿನ ಕಪಾಟು ಲೇಸು.

ಗೋವಾದ ಕಾರ್ಖಾನೆ, ಅಟ್ಟದ ಮೇಲಿನ ಜೋ

1987ರಲ್ಲಿ ಎಂ.ಆರ್.ಎಫ್. ಸಂಸ್ಥೆಯ ಬೆಂಬಲದಿಂದ ಆರಂಭವಾದ ಫನ್‌ಸ್ಕೂಲ್ ಕಂಪೆನಿಗೆ ಗೋವಾದಲ್ಲಿ ಕಾರ್ಖಾನೆ ಇದೆ. ಹ್ಯಾಸ್‌ಬ್ರೊ ಪರವಾನಗಿಯಲ್ಲಿ, ಅಮೆರಿಕದ ಹಳೆಯ ಅಚ್ಚುಗಳನ್ನು ಬಳಸಿ ಈ ಕಂಪೆನಿ ಹಲವು ವರ್ಷ ಜಿ.ಐ. ಜೋ ಬೊಂಬೆಗಳನ್ನು ಭಾರತದಲ್ಲಿ ಮಾರಿತು. ಅಚ್ಚು ಅದೇ ಆದರೂ ಬಣ್ಣ ಹಲವೆಡೆ ಬೇರೆ. ಅಮೆರಿಕದಲ್ಲಿ ಎಂದೂ ಬಾರದ ಬಣ್ಣಗಳ ಜೋಡಣೆ ಇಲ್ಲಿ ಬಂದುದರಿಂದ ಹೊರದೇಶಗಳ ಸಂಗ್ರಾಹಕರೂ ಅವುಗಳನ್ನು ಹುಡುಕುತ್ತಾರೆ. 1990ರ ದಶಕದಲ್ಲಿ ಇಂತಹ ಬೊಂಬೆಯೊಂದಿಗೆ ಆಡಿದ ಮಕ್ಕಳು ಇಂದು ನಡುವಯಸ್ಕರು. ಅಟ್ಟದ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಈ ಬೊಂಬೆಗಳ ರಚನೆ ತಿಳಿದಿರಬೇಕು. ಮೇಲಿನ ಅರ್ಧಕ್ಕೂ ಕಾಲುಗಳಿಗೂ ನಡುವೆ ಇರುವುದು ಒಂದು ಕಪ್ಪು ರಬ್ಬರ್ ಉಂಗುರ, ಅದಕ್ಕೆ ಸಿಕ್ಕಿಸಿದ ಲೋಹದ ಕೊಕ್ಕೆ. ವರ್ಷಗಳು ಕಳೆದಂತೆ ರಬ್ಬರ್ ಒಣಗಿ ತುಂಡಾಗಿ ಬೊಂಬೆ ಎರಡಾಗುತ್ತದೆ. ಬೊಂಬೆ ಹಾಳಾಯಿತೆಂದು ಎಸೆಯಬೇಕಿಲ್ಲ. ಬೆನ್ನಿನ ಒಂದು ಸ್ಕ್ರೂ ಬಿಚ್ಚಿ ಹೊಸ ಉಂಗುರ ಹಾಕಿದರೆ ಎದ್ದು ನಿಲ್ಲುತ್ತದೆ, ಸಂಗ್ರಾಹಕರೂ ಇದನ್ನು ದೋಷವೆಂದು ಎಣಿಸುವುದಿಲ್ಲ. ಆದರೆ ಹೆಬ್ಬೆರಳು ಮುರಿದಿದ್ದರೆ, ಸೊಂಟದ ಕವಲು ಸೀಳಿದ್ದರೆ, ಮೊಣಕೈಯಲ್ಲಿ ಬಿರುಕಿದ್ದರೆ ಬೆಲೆ ಇಳಿಯುತ್ತದೆ. ಅಂಟು ಹಾಕಿ ಸರಿಪಡಿಸಲು ಹೋದರೆ ಇನ್ನೂ ಇಳಿಯುತ್ತದೆ.

ಹಳೆಯ ಬೊಂಬೆಗಳ ಸ್ಥಿತಿಯನ್ನು ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಹೇಳುವ ವಾಡಿಕೆಯಿದೆ. ಅಮೆರಿಕದ ಆ್ಯಕ್ಷನ್ ಫಿಗರ್ ಅಥಾರಿಟಿ ಸಂಸ್ಥೆ ನೂರಕ್ಕೆ ಅಂಕ ಕೊಟ್ಟು ಗಾಜಿನಂತಹ ಪೆಟ್ಟಿಗೆಯಲ್ಲಿ ಮೊಹರು ಮಾಡುತ್ತದೆ.

ನಕಲಿಯ ಗುರುತು

ನಕಲಿ ಬೊಂಬೆಯನ್ನು ಹೆಚ್ಚಾಗಿ ಅಸಲಿ ಬೊಂಬೆಯಿಂದಲೇ ಅಚ್ಚು ತೆಗೆದು ಮಾಡುತ್ತಾರೆ. ಹಾಗಾಗಿ ಮೂಗು, ಬೆರಳು, ಗುಂಡಿಗಳ ಗೆರೆಗಳು ಸವೆದಂತೆ ಕಾಣುತ್ತವೆ, ಗಾತ್ರ ತುಸು ಕುಗ್ಗಿರುತ್ತದೆ. ಕಂಪೆನಿಯ ಮುದ್ರೆ ಮಸುಕಾಗಿರುತ್ತದೆ ಅಥವಾ ಇರುವುದೇ ಇಲ್ಲ. ಪೆಟ್ಟಿಗೆ ತೆರೆದಾಗ ಕಟುವಾಸನೆ ಬರುತ್ತದೆ. ಕೀಲುಗಳಲ್ಲಿ ಅಗ್ಗದ ಪ್ಲಾಸ್ಟಿಕ್ ಇರುವುದರಿಂದ ಮೊದಲ ದಿನವೇ ಸಡಿಲ ಅಥವಾ ಮೊದಲ ದಿನವೇ ಮುರಿತ.

ಹಳೆಯ ಬೊಂಬೆಗಳಲ್ಲಿ ಮೋಸ ಇನ್ನೂ ಸೂಕ್ಷ್ಮ. 1978ರ ಸ್ಟಾರ್ ವಾರ್ಸ್ ಮಾಲೆಯ ಜಾವಾ ಎಂಬ ಪುಟ್ಟ ಪಾತ್ರಕ್ಕೆ ಮೊದಲು ವಿನೈಲ್ ಮೇಲಂಗಿ ಇತ್ತು, ಬೇಗನೆ ಬಟ್ಟೆಯದಾಗಿ ಬದಲಾಯಿತು. ವಿನೈಲ್‌ನದು ವಿರಳ, ಬೆಲೆ ದುಬಾರಿ. ಹಾಗಾಗಿ ಒಬಿ-ವಾನ್ ಪಾತ್ರದ ಮೇಲಂಗಿಯನ್ನೇ ಕತ್ತರಿಸಿ ಜಾವಾಗೆ ತೊಡಿಸಿ ಮಾರಿದವರಿದ್ದಾರೆ. ಬೊಂಬೆ ಅಸಲಿ, ಅಂಗಿ ಸುಳ್ಳು.

ಮಕ್ಕಳಿಗೆ ಯಾವುದು?

ಸಂಗ್ರಹದ ಬೊಂಬೆ ಬೇರೆ, ಮಕ್ಕಳ ಆಟಿಕೆ ಬೇರೆ. ಮೂವತ್ತು ಕೀಲಿನ ಬೊಂಬೆಯಲ್ಲಿ ಬಿಚ್ಚಿ ಹಾಕುವ ಕೈಗಳು, ಸಣ್ಣ ಆಯುಧಗಳು ಹತ್ತಾರು. ಚಿಕ್ಕಮಕ್ಕಳ ಗಂಟಲಿಗೆ ಸಿಲುಕುವ ಅಪಾಯವಿದೆ. 1979ರಲ್ಲಿ ಕೆನ್ನರ್ ಕಂಪೆನಿ ಬೋಬಾ ಫೆಟ್ ಬೊಂಬೆಗೆ ಹಾರುವ ರಾಕೆಟ್ ಇಡಲು ಯೋಚಿಸಿ, ಇದೇ ಭಯದಿಂದ ರಾಕೆಟನ್ನು ಅಂಟಿಸಿಯೇ ಮಾರಿತು. ಮಾರಾಟಕ್ಕೆ ಬಾರದ ಆ ಹಾರುವ ರಾಕೆಟ್‌ನ ಮಾದರಿಯೊಂದು 2024ರಲ್ಲಿ ಅಮೆರಿಕದ ಹರಾಜಿನಲ್ಲಿ 5,25,000 ಡಾಲರಿಗೆ ಹೋಯಿತು.

ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಲಾಯಿತು. ಹೊರದೇಶದಿಂದ ತರಿಸುವವರು ಬೊಂಬೆಯ ಬೆಲೆಯೊಂದಿಗೆ ಸುಂಕವನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಮಗುವಿಗೆ ಕೊಡುವುದಾದರೆ ಪೆಟ್ಟಿಗೆಯ ಮೇಲಿನ ವಯಸ್ಸಿನ ಸೂಚನೆ ನೋಡಿ, ಕಡಿಮೆ ಕೀಲಿನ ಗಟ್ಟಿ ಬೊಂಬೆಯನ್ನೇ ಆರಿಸುವುದು ಜಾಣತನ.

ಸಂಗ್ರಹಕ್ಕೆ ಕೊಳ್ಳುವವರು ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಬದಿಗಿಟ್ಟು ನಾಲ್ಕು ವಿಷಯ ನೆನಪಿಟ್ಟರೆ ಸಾಕು: ಕಣ್ಣು ನೇರವಿರಲಿ, ಹಣಕಾಲು ವಾಲಲಿ, ತೋಳು ಜೋಲದಿರಲಿ, ರಾತ್ರಿ ನಿಲ್ಲಿಸಿದ್ದು ಬೆಳಿಗ್ಗೆ ನಿಂತಿರಲಿ. ಐದು ಕೀಲಿನದಾದರೂ ಇಷ್ಟು ಸರಿಯಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.